ಅಂಗಿ ಬಿಳಿಯಾದರೆ ಸ್ಪ್ಯಾನಿಷ್‌ಗೂ ಬೆಲೆ

ಸೋಮವಾರ ನಮ್ಮಲ್ಲಿಗೆ ಬಟ್ಟೆ ಒಗೆಯಲು ಬರುವ ಗಂಡಸರಲ್ಲಿ, ಮಷೀನಿಗೆ ಹಾಕುವ ಮುಂಚೆ ಕಾಲರಿಗೆ ಸೋಪು ಹಚ್ಚಿ ಉಜ್ಜುವವರು ಇಬ್ಬರೇ. ಇಬ್ಬರಿಗೂ ಇನ್ನೂ ಇಪ್ಪತ್ತು ತುಂಬಿಲ್ಲ. ಇಬ್ಬರೂ ಮಾರ್ಮನ್ ಮಿಷನರಿಗಳು. 2018ರಿಂದ ಅವರ ಚರ್ಚು ಆ ಅಡ್ಡಹೆಸರು ಬೇಡ, ‘ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್ ಡೇ ಸೇಂಟ್ಸ್’ ಎಂದು ಪೂರ್ತಿ ಹೆಸರೇ ಹೇಳಿ ಎನ್ನುತ್ತಿದೆ. ಒಂದು ಸಲ ಹೇಳಿದೆನಲ್ಲ, ಇನ್ನು ಹಳೆಯ ಹೆಸರಿನಲ್ಲೇ ಮುಂದುವರಿಯುತ್ತೇನೆ.

ನಾನು ಅರಸೀಕೆರೆಯವಳು. ನಮ್ಮ ಭಾವ ಕರೆಸಿಕೊಂಡಿದ್ದರಿಂದ ಗಂಡನ ಜೊತೆ ಹ್ಯೂಸ್ಟನ್ನಿಗೆ ಬಂದು, ಗುಜರಾತಿನವರೊಬ್ಬರ ವಾಷಟೀರಿಯಾದ ಗಲ್ಲಾದಲ್ಲಿ ಕೂತವಳು. ದುಡ್ಡು ಹಾಕಿ ಬಟ್ಟೆ ಒಗೆದುಕೊಂಡು ಹೋಗುವ ಅಂಗಡಿಗೆ ಟೆಕ್ಸಾಸಿನಲ್ಲಿ ವಾಷಟೀರಿಯಾ ಅನ್ನುತ್ತಾರೆ. ನಮ್ಮದು ಇರುವುದು ಊರಿನ ನೈಋತ್ಯಕ್ಕೆ, ಗಲ್ಫ್‌ಟನ್‌ನಲ್ಲಿ. ಹಿಲ್‌ಕ್ರಾಫ್ಟ್ ರಸ್ತೆಯ ಮಹಾತ್ಮ ಗಾಂಧಿ ಡಿಸ್ಟ್ರಿಕ್ಟಿಗೆ ತೊಗರಿಬೇಳೆ, ಕರಿಬೇವು ಕೊಳ್ಳಲು ಬರುವ ನಮ್ಮವರಿಗೆ ಗಲ್ಫ್‌ಟನ್ ಪಕ್ಕದಲ್ಲೇ ಇದೆ. ಆದರೂ ಆ ಕಡೆ ಕಾರು ತಿರುಗಿಸುವವರು ಕಡಿಮೆ. 1970ರ ದಶಕದಲ್ಲಿ ತೈಲದ ದುಡ್ಡು ಹರಿಯುತ್ತಿದ್ದಾಗ, ಮದುವೆಯಾಗದ ಹುಡುಗ ಹುಡುಗಿಯರಿಗೆಂದು ಇಲ್ಲಿ ಈಜುಕೊಳ, ಕ್ಲಬ್ಬು ಎಲ್ಲ ಇರುವ ಅಪಾರ್ಟ್‌ಮೆಂಟುಗಳನ್ನು ಸಾಲಾಗಿ ಕಟ್ಟಿದ್ದರು. 80ರ ದಶಕದಲ್ಲಿ ತೈಲದ ಬೆಲೆ ನೆಲಕಚ್ಚಿತು, ಬಾಡಿಗೆಯವರು ಗಂಟುಮೂಟೆ ಕಟ್ಟಿದರು. ಖಾಲಿ ಮನೆ ತುಂಬಿಸಲು ಮಾಲೀಕರು ಬಾಡಿಗೆ ಇಳಿಸಿ, ಬೋರ್ಡುಗಳನ್ನು ಸ್ಪ್ಯಾನಿಷ್‌ಗೆ ಬದಲಿಸಿದರು. ಯುದ್ಧ, ಬಡತನ ಬಿಟ್ಟು ಓಡಿಬಂದ ಎಲ್ ಸಾಲ್ವಡಾರ್, ಗ್ವಾಟೆಮಾಲಾ, ಹೊಂಡುರಾಸಿನವರು ಬಂದು ತುಂಬಿಕೊಂಡರು. ಈಗ ಇಲ್ಲಿ ಇಂಗ್ಲಿಷ್ ಇಲ್ಲದೆ ಇಡೀ ಜೀವನ ಕಳೆಯಬಹುದು. ಸ್ಪ್ಯಾನಿಷ್ ಇಲ್ಲದೆ ಗಲ್ಲಾದಲ್ಲಿ ಒಂದು ಗಂಟೆ ಕೂರುವುದು ಕಷ್ಟ.

ಆ ಇಬ್ಬರು ಮೊದಲ ಸಲ ಬಂದಾಗ ನನ್ನನ್ನು ಗ್ವಾಟೆಮಾಲಾದವಳೆಂದೇ ತಿಳಿದರು. ಗೋಧಿ ಬಣ್ಣದ ಹೆಂಗಸು, ಗಲ್ಫ್‌ಟನ್ನಿನ ಅಂಗಡಿ, ಪಾಪ ಅವರಾದರೂ ಏನು ಮಾಡಿಯಾರು. ಐಡಹೋದಿಂದ ಬಂದ ಹುಡುಗ ಆಗಷ್ಟೇ ಕಲಿತ ಸ್ಪ್ಯಾನಿಷ್‌ನಲ್ಲಿ ಯೇಸುವಿನ ವಿಷಯ ಎತ್ತಿದ. ನಾನು ನನ್ನ ಗಲ್ಲಾ ಸ್ಪ್ಯಾನಿಷ್‌ನಲ್ಲಿ, ಮೂಲೆಯ ಡ್ರೈಯರು ಕೆಟ್ಟಿದೆ, ಅದಕ್ಕೆ ದುಡ್ಡು ಹಾಕಬೇಡ ಎಂದೆ. ಅವನು ಸ್ವರ್ಗದ ಕಡೆ, ನಾನು ಡ್ರೈಯರಿನ ಕಡೆ, ಒಂದಷ್ಟು ಹೊತ್ತು ಹೀಗೇ ನಡೆಯಿತು. ಅಷ್ಟರಲ್ಲಿ ಮಗಳ ಫೋನು ಬಂತು. ನಾನು ಇಂಗ್ಲಿಷಿನಲ್ಲಿ ಮಾತಾಡಿದ್ದು ಕೇಳಿ ಹುಡುಗ ಕೆಂಪಗಾದ.

ಇವರ ದಿನಚರಿ ಕೇಳಿದರೆ ನಮ್ಮ ಹಳೆಯ ಕಾಲದ ಹಾಸ್ಟೆಲ್ ವಾರ್ಡನ್ನುಗಳೂ ತಲೆದೂಗಿಯಾರು. ಬೆಳಗ್ಗೆ ಆರೂವರೆಗೆ ಏಳಬೇಕು, ರಾತ್ರಿ ಹತ್ತೂವರೆಗೆ ದೀಪ ಆರಿಸಬೇಕು. ನಡುವೆ ವ್ಯಾಯಾಮ, ಓದು, ಭಾಷಾಭ್ಯಾಸ, ಆಮೇಲೆ ಬೀದಿ. ಸಿನಿಮಾ ಇಲ್ಲ, ಹುಡುಗಿಯರ ಜೊತೆ ಓಡಾಟ ಇಲ್ಲ, ಫೋನಿನಲ್ಲಿ ಚರ್ಚು ಒಪ್ಪಿದ್ದಷ್ಟೇ. ಜೋಡಿಯಲ್ಲೇ ಇರಬೇಕು, ಒಬ್ಬನನ್ನು ಬಿಟ್ಟು ಇನ್ನೊಬ್ಬ ಅಂಗಡಿಗೂ ಹೋಗುವಂತಿಲ್ಲ. ಜೋಡಿಯನ್ನು ಆರಿಸಿಕೊಳ್ಳುವ ಹಕ್ಕೂ ಇಲ್ಲ. ಸುಮಾರು ಆರು ವಾರಕ್ಕೊಮ್ಮೆ ಟ್ರಾನ್ಸ್‌ಫರ್ ಪಟ್ಟಿ ಬರುತ್ತದೆ, ಅದರಲ್ಲಿ ಹೆಸರಿದ್ದವನು ಪೆಟ್ಟಿಗೆ ಕಟ್ಟುತ್ತಾನೆ. ಹುಡುಗರಿಗೆ ಎರಡು ವರ್ಷ, ಹುಡುಗಿಯರಿಗೆ ಹದಿನೆಂಟು ತಿಂಗಳು. ಸಂಬಳವಿಲ್ಲ, ಮನೆಯವರೇ ತಿಂಗಳಿಗೆ ದುಡ್ಡು ಕಟ್ಟಬೇಕು. ಅಮೆರಿಕದವರಿಗೆ 2020ರ ಜುಲೈವರೆಗೆ ಅದು 400 ಡಾಲರ್ ಇತ್ತು, ಆಮೇಲೆ 500 ಆಯಿತು. 2012ರಲ್ಲಿ ಹುಡುಗರ ವಯಸ್ಸಿನ ಮಿತಿಯನ್ನು 19ರಿಂದ 18ಕ್ಕೆ ಇಳಿಸಿದ ಮೇಲಂತೂ ಹೈಸ್ಕೂಲು ಮುಗಿಸಿ ನೇರ ಬಂದವರೇ ಹೆಚ್ಚು; ಕೆಲವರಿಗೆ ಅನ್ನ ಬೇಯಿಸಲೂ ಬರುವುದಿಲ್ಲ. ಹೀಗೆ ಎಪ್ಪತ್ತು ಸಾವಿರಕ್ಕೂ ಹೆಚ್ಚು ಮಂದಿ ಪ್ರಪಂಚದಲ್ಲೆಲ್ಲ ಬಾಗಿಲು ತಟ್ಟುತ್ತಿದ್ದಾರೆ.

ಸ್ಪ್ಯಾನಿಷ್ ಕಲಿಕೆ ಶುರುವಾಗುವುದು ಯೂಟಾದ ಪ್ರೋವೋದಲ್ಲೋ ಮೆಕ್ಸಿಕೋ ಸಿಟಿಯಲ್ಲೋ ಇರುವ ತರಬೇತಿ ಕೇಂದ್ರದಲ್ಲಿ. ಸುಮಾರು ಆರು ವಾರ ಕಲಿಸಿ ಕಳಿಸಿಬಿಡುತ್ತಾರೆ. ಆರು ವಾರದಲ್ಲಿ ಪ್ರಾರ್ಥನೆ ಬಾಯಿಪಾಠವಾಗುತ್ತದೆ, ಹೊಂಡುರಾಸಿನ ಅಜ್ಜಿ ಮಂಡಿನೋವಿನ ಬಗ್ಗೆ ಹೇಳುವುದು ಒಂದೂ ತಿಳಿಯುವುದಿಲ್ಲ. ಉಳಿದದ್ದನ್ನೆಲ್ಲ ಕಲಿಸುವುದು ಗಲ್ಫ್‌ಟನ್ನಿನ ಅಡುಗೆಮನೆಗಳು.

ಅಂಥ ಒಂದು ಅಡುಗೆಮನೆ ನಮ್ಮ ಅಂಗಡಿಯ ಹಿಂದಿನ ಅಪಾರ್ಟ್‌ಮೆಂಟಿನ ಎರಡನೇ ಮಹಡಿಯಲ್ಲಿದೆ. ಅದು ಹೊಂಡುರಾಸಿನ ಅಜ್ಜಿಯೊಬ್ಬರದು. ಅವರು ರಾತ್ರಿ ಹೊತ್ತು ಆಫೀಸುಗಳ ನೆಲ ಒರೆಸುತ್ತಾರೆ, ಹಗಲು ಮೊಮ್ಮಗಳನ್ನು ನೋಡಿಕೊಳ್ಳುತ್ತಾರೆ. ಗಟ್ಟಿ ಕ್ಯಾಥೊಲಿಕ್ಕು. ಬಾಗಿಲಿನ ಮೇಲೆ, ಇದು ಕ್ಯಾಥೊಲಿಕ್ ಮನೆ, ಬೇರೆ ಪಂಗಡದವರ ಪ್ರಚಾರ ಬೇಡ ಎಂಬ ಅರ್ಥದ ಸ್ಟಿಕ್ಕರು ಇದೆ. ಅದೇ ಬಾಗಿಲಿನಲ್ಲಿ ಹುಡುಗರಿಗೆ ಊಟ ಸಿಗುತ್ತದೆ. ನಿಯಮದ ಪ್ರಕಾರ ಮನೆಯಲ್ಲಿ ಹೆಂಗಸೊಬ್ಬಳೇ ಇದ್ದರೆ ಹುಡುಗರು ಒಳಗೆ ಕಾಲಿಡುವಂತಿಲ್ಲ. ಅಜ್ಜಿಗೆ ಎಪ್ಪತ್ತಾಗಿದ್ದರೂ ನಿಯಮ ನಿಯಮವೇ. ಆದ್ದರಿಂದ ಅವರು ವರಾಂಡದಲ್ಲೇ ನಿಂತು ಕಟಕಟೆಯ ಮೇಲೆ ತಟ್ಟೆ ಇಟ್ಟುಕೊಂಡು ಬಲೆಯಾದಾ ತಿನ್ನುತ್ತಾರೆ. ದಪ್ಪನೆಯ ಗೋಧಿ ರೊಟ್ಟಿಯೊಳಗೆ ಅರೆದ ಕಾಳು, ಗಿಣ್ಣು, ಕೆನೆ ಹಾಕಿ ಮಡಚಿದ್ದು. ಅಜ್ಜಿ ಸೊಳ್ಳೆಪರದೆಯ ಬಾಗಿಲ ಹಿಂದೆ ಕುರ್ಚಿ ಹಾಕಿಕೊಂಡು ತಿದ್ದುತ್ತಾರೆ. ‘ಹಾಗಲ್ಲ ಮಿಹೋ, ಮಗನೇ, ನಿನ್ನೆಯ ಮಾತಾದರೆ ಹೀಗೆ ಹೇಳಬೇಕು. ಇನ್ನೊಂದು ಸಲ ಹೇಳು.’ ಹುಡುಗ ಬಾಯಲ್ಲಿದ್ದದ್ದು ನುಂಗಿ ಇನ್ನೊಂದು ಸಲ ಹೇಳುತ್ತಾನೆ. ಹ್ಯೂಸ್ಟನ್ನಿನ ಜುಲೈ ಬಿಸಿಲಿಗೆ ಅಂಗಿ ಬೆನ್ನಿಗೆ ಅಂಟಿರುತ್ತದೆ.

ಅಜ್ಜಿಗೂ ಹುಡುಗರಿಗೂ ಜಗಳವಾಗಿದ್ದು ಕಾಫಿಯ ವಿಷಯಕ್ಕೆ ಮಾತ್ರ. ಮಾರ್ಮನ್ನರಿಗೆ 1833ರಿಂದ ಒಂದು ಪಥ್ಯವಿದೆ: ಹೆಂಡ, ಹೊಗೆಸೊಪ್ಪು, ಟೀ, ಕಾಫಿ ಯಾವುದೂ ಕೂಡದು. ಹೊಂಡುರಾಸ್ ಆದರೋ ಮಧ್ಯ ಅಮೆರಿಕದಲ್ಲೇ ಅತಿ ಹೆಚ್ಚು ಕಾಫಿ ಬೆಳೆಯುವ ದೇಶ. ತಮ್ಮೂರಿನ ಕಾಫಿ ಬೇಡವೆಂದ ಹುಡುಗನನ್ನು ಅಜ್ಜಿ ಎರಡು ವಾರ ಮಾತಾಡಿಸಲಿಲ್ಲ. ನಾನು ಹಾಸನ ಜಿಲ್ಲೆಯವಳು. ಈ ವಿಷಯದಲ್ಲಿ ನನ್ನ ವೋಟು ಅಜ್ಜಿಗೇ.

ಇನ್ನು ಸೋಮವಾರದ ಮಾತು. ವಾರದಲ್ಲಿ ಅದೊಂದು ದಿನ ಇವರಿಗೆ ಬಟ್ಟೆ ಒಗೆಯಲು, ದಿನಸಿ ತರಲು, ಮನೆಗೆ ಫೋನು ಮಾಡಲು ಬಿಡುವು. ಟೈ ಇರುವುದಿಲ್ಲ, ಟೀ ಶರ್ಟು ಹಾಕಿಕೊಂಡು ಬರುತ್ತಾರೆ. ಆಗ ಎಷ್ಟು ಎಳೆಯರೆಂದು ಗೊತ್ತಾಗುತ್ತದೆ. 2019ರ ಫೆಬ್ರವರಿಗೆ ಮುಂಚೆ ಮನೆಯವರ ದನಿ ಕೇಳುವ ಭಾಗ್ಯ ವರ್ಷಕ್ಕೆ ಎರಡೇ ಸಲ, ಕ್ರಿಸ್‌ಮಸ್ಸಿಗೆ ಮತ್ತು ತಾಯಂದಿರ ದಿನಕ್ಕೆ. ಈಗ ವಾರವಾರ ವಿಡಿಯೋ ಕರೆ ಮಾಡಬಹುದು. ಐಡಹೋದ ತಾಯಿ ತೆರೆಯ ಮೇಲೆ ಬಂದು ತೂಕ ಇಳಿದಿದ್ದೀಯಾ, ಔಷಧಿ ತಗೊಂಡ್ಯಾ ಎಂದು ಕೇಳುತ್ತಾರೆ, ಹಾಗೇ ಕಣ್ಣು ಒರೆಸಿಕೊಳ್ಳುತ್ತಾರೆ. ಪಕ್ಕದ ಮೇಜಿನಲ್ಲಿ ಟವೆಲು ಮಡಚುವ ಹೆಂಗಸರು ತಮ್ಮ ಮಾತು ನಿಲ್ಲಿಸಿ ದಾರಿ ಮಾಡಿಕೊಡುತ್ತಾರೆ. ಆ ಹೆಂಗಸರಲ್ಲಿ ಕೆಲವರು ಸ್ವಂತ ಮಕ್ಕಳನ್ನು ಸಾನ್ ಪೆದ್ರೋ ಸುಲಾದಲ್ಲೋ ಸಾನ್ ಸಾಲ್ವಡಾರಿನಲ್ಲೋ ತಾಯಿಯ ಮಡಿಲಿಗೆ ಹಾಕಿ ಬಂದವರು. ಅವರ ಅಗಲಿಕೆಗೆ ಎರಡು ವರ್ಷವೆಂಬ ಗಡುವಿಲ್ಲ. ಕಾಗದಪತ್ರವಿಲ್ಲದವರು ಒಮ್ಮೆ ಹೋದರೆ ಮತ್ತೆ ಬರಲಾಗದು. ಇದನ್ನು ಹುಡುಗರ ಎದುರು ಯಾರೂ ಎತ್ತಿ ಆಡಿದ್ದನ್ನು ನಾನು ಕೇಳಿಲ್ಲ.

ಐಡಹೋದವನ ಜೋಡಿ ಯೂಟಾದಲ್ಲಿ ಹುಟ್ಟಿದ ಹುಡುಗ. ಅಪ್ಪ ಅಮ್ಮ ಮೆಕ್ಸಿಕೋದವರು. ಮಗ ಶಾಲೆಯಲ್ಲಿ ಹಿಂದೆ ಬೀಳಬಾರದೆಂದು ಮನೆಯಲ್ಲಿ ಅವರು ಹರುಕು ಮುರುಕು ಇಂಗ್ಲಿಷೇ ಆಡಿದರಂತೆ. ಈಗ ಅದೇ ಮಗನನ್ನು ಚರ್ಚು ಸ್ಪ್ಯಾನಿಷ್ ಆಡಲು ಕಳಿಸಿದೆ. ನಾನು ಈ ಲೇಖನ ಬರೆಯಲು ಕೂತದ್ದೇ ಈ ಎರಡನೆಯ ಹುಡುಗನಿಗಾಗಿ.

ಇಬ್ಬರ ಸ್ಪ್ಯಾನಿಷ್ ಹೆಚ್ಚುಕಮ್ಮಿ ಒಂದೇ ಮಟ್ಟದ್ದು. ಗಂಡು ಹೆಣ್ಣು ಲಿಂಗ ಅದಲುಬದಲು ಮಾಡುತ್ತಾರೆ, ಕಾಲ ತಪ್ಪುತ್ತಾರೆ. ಕೆಂಚುಗೂದಲಿನ ಐಡಹೋದವನು ತಪ್ಪಿದರೆ ಹೆಂಗಸರು ಕೈತಟ್ಟಿ ನಗುತ್ತಾರೆ: ಎಷ್ಟು ಚೆನ್ನಾಗಿ ಆಡುತ್ತಾನೆ, ಗ್ರಿಂಗೋ (ಬಿಳಿಯ ಅಮೆರಿಕನ್) ಆದರೂ! ಕಪ್ಪು ಕೂದಲಿನವನು ಅದೇ ತಪ್ಪು ಮಾಡಿದರೆ ಅಯ್ಯೋ ಪಾಪ ಎನ್ನುತ್ತಾರೆ: ಮನೆಯಲ್ಲಿ ಕಲಿಸಿಲ್ಲ, ಹೆತ್ತವರದೇ ತಪ್ಪು. ಮೊದಲನೆಯವನಿಗೆ ಇನ್ನೊಂದು ಬಲೆಯಾದಾ, ಎರಡನೆಯವನಿಗೆ ಬುದ್ಧಿಮಾತು. ಕೆಟ್ಟ ಮನಸ್ಸಿನಿಂದಲ್ಲ, ಅಕ್ಕರೆಯಿಂದಲೇ. ಅವನು ತಲೆ ತಗ್ಗಿಸಿ ಕಾಲ್ಚೀಲ ಜೋಡಿಸುತ್ತಿರುತ್ತಾನೆ.

ನಮಗಿದು ಹೊಸತಲ್ಲ. ಪರದೇಶದ ಬಿಳಿಯನೊಬ್ಬ ಬೆಂಗಳೂರಿನ ಆಟೋದಲ್ಲಿ ಎರಡು ವಾಕ್ಯ ಕನ್ನಡ ಆಡಿದರೆ ಆ ವಿಡಿಯೋವನ್ನು ನಾವೇ ಊರಿಗೆಲ್ಲ ಹಂಚುತ್ತೇವೆ. ಹ್ಯೂಸ್ಟನ್ನಿನಲ್ಲಿ ಹುಟ್ಟಿದ ನನ್ನ ಮಗಳು ಅರಸೀಕೆರೆಯಲ್ಲಿ ‘ನಾನು ನೀರು ಕುಡೀತು’ ಎಂದಾಗ ಅವಳ ದೊಡ್ಡಮ್ಮ ನನ್ನ ಕಡೆ ನೋಡಿದ ನೋಟ ಬೇರೆ. ಆ ಹುಡುಗಿ ಆಮೇಲೆ ಊರಲ್ಲಿ ಕನ್ನಡಕ್ಕೆ ಬಾಯಿ ತೆರೆಯಲಿಲ್ಲ.

ಅಕ್ಕರೆಯ ನಗುವಿನಲ್ಲೇ ಇದು ಮುಗಿದಿದ್ದರೆ ನಾನು ಪತ್ರಿಕೆಗೆ ಬರೆಯುತ್ತಿರಲಿಲ್ಲ. ಅದರಾಚೆ ದುಡ್ಡಿನ ಲೆಕ್ಕವೂ ಇದೆ. ಮಿಷನ್ ಮುಗಿಸಿದವನು ಯೂಟಾದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯಕ್ಕೆ ಸೇರಿದರೆ ಬೀದಿಯಲ್ಲಿ ಕಲಿತ ಭಾಷೆಗೆ ಕಾಲೇಜಿನ ಕ್ರೆಡಿಟ್ ಸಂಪಾದಿಸಬಹುದು. ಕೆಲಸದ ಅರ್ಜಿಯಲ್ಲಿ ‘ದ್ವಿಭಾಷಿ’ ಎಂದು ಬರೆದುಕೊಳ್ಳಬಹುದು. ತೈವಾನಿನಲ್ಲಿ ಮಿಷನರಿಯಾಗಿ ಚೀನೀ ಕಲಿತ ಜಾನ್ ಹಂಟ್ಸ್‌ಮನ್ ಮುಂದೆ ಯೂಟಾದ ಗವರ್ನರ್ ಆದರು, ಚೀನಾಕ್ಕೆ ಅಮೆರಿಕದ ರಾಯಭಾರಿಯೂ ಆದರು. ಅವರು ಕಷ್ಟಪಟ್ಟು ಕಲಿತರು, ಅದರಲ್ಲಿ ತಕರಾರಿಲ್ಲ. ಆದರೆ ಇತ್ತ ಅಜ್ಜಿಯ ಮೊಮ್ಮಗಳನ್ನು ನೋಡಿ. ಹನ್ನೊಂದು ವರ್ಷದ ಹುಡುಗಿ. ಬಾಡಿಗೆ ಕರಾರು, ಕರೆಂಟು ಬಿಲ್ಲು, ಶಾಲೆಯ ಚೀಟಿ ಎಲ್ಲ ಓದಿ ಹೇಳುವುದು ಅವಳೇ. ಮೊನ್ನೆ ಆಸ್ಪತ್ರೆಯೊಂದರ ಬಿಲ್ಲು ಹಿಡಿದುಕೊಂಡು ನನ್ನ ಗಲ್ಲಾದ ಮುಂದೆ ನಿಂತು, ಅದರಲ್ಲಿದ್ದ ಬಾಕಿಗೂ ವಿಮೆಯ ಪಾಲಿಗೂ ಏನು ವ್ಯತ್ಯಾಸವೆಂದು ಕೇಳಿ, ಅಲ್ಲೇ ತಿರುಗಿ ಅಜ್ಜಿಗೆ ಸ್ಪ್ಯಾನಿಷ್‌ನಲ್ಲಿ ಬಿಡಿಸಿ ಹೇಳಿದಳು. ಐಡಹೋದವನು ಎರಡು ವರ್ಷ ಮುಗಿಸಿದರೂ ಅಷ್ಟು ಸಲೀಸಾಗಿ ಹೇಳಲಾರ. ಶಾಲೆಯ ದಾಖಲೆಯಲ್ಲಿ ಮಾತ್ರ ಅವಳು ‘ಇಂಗ್ಲಿಷ್ ಇನ್ನೂ ಕಲಿಯುತ್ತಿರುವವಳು’. ಅವಳಿಗೆ ಬರುವ ಎರಡು ಭಾಷೆಯನ್ನು ಅಲ್ಲಿ ಒಂದೂವರೆ ಎಂದು ಬರೆದುಕೊಂಡಿದ್ದಾರೆ.

ಟೆಕ್ಸಾಸಿಗೆ ಇದು ಅಂಟಿಕೊಂಡು ಬಂದ ಹಳೆಯ ರೋಗ. 1918ರ ಕಾನೂನು ಶಾಲೆಗಳಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಭಾಷೆಯಲ್ಲಿ ಪಾಠ ಹೇಳುವುದನ್ನು ಅಪರಾಧ ಮಾಡಿತ್ತು. ಅದನ್ನು ಕಿತ್ತುಹಾಕಲು 1960ರ ದಶಕದ ಕೊನೆಯವರೆಗೆ ಕಾಯಬೇಕಾಯಿತು. ಮಾರ್ಫಾ ಎಂಬ ಊರಿನಲ್ಲಿ ಮೆಕ್ಸಿಕನ್ ಮೂಲದ ಮಕ್ಕಳಿಗೆಂದು ಬೇರೆಯೇ ಇದ್ದ ಬ್ಲ್ಯಾಕ್‌ವೆಲ್ ಶಾಲೆಯಲ್ಲಿ 1954ರಲ್ಲಿ ಮಕ್ಕಳಿಂದ ಚೀಟಿಗಳ ಮೇಲೆ ಬರೆಸಿ, ಆ ಚೀಟಿಗಳನ್ನು ಶಾಲೆಯ ಅಂಗಳದಲ್ಲಿ ಹೂಳಿಸಿ, ‘ಮಿಸ್ಟರ್ ಸ್ಪ್ಯಾನಿಷ್’ಗೆ ಶವಸಂಸ್ಕಾರ ಮಾಡಿಸಿದರು. ಆ ಶಾಲೆ ಈಗ ರಾಷ್ಟ್ರೀಯ ಐತಿಹಾಸಿಕ ತಾಣ, 2022ರಲ್ಲಿ ಅದಕ್ಕೆ ಕಾನೂನಿನ ಮುದ್ರೆ ಬಿತ್ತು. ಅಂದು ಚೀಟಿ ಹೂಳಿದವರಲ್ಲಿ ಎಷ್ಟೋ ಜನ ತಮ್ಮ ಮಕ್ಕಳಿಗೆ ಸ್ಪ್ಯಾನಿಷ್ ಕಲಿಸದಿದ್ದರೆ ಯಾರು ಏನು ಹೇಳಲಿಕ್ಕಾದೀತು? ಯೂಟಾದ ಆ ಹುಡುಗನ ಅಪ್ಪ ಅಮ್ಮನನ್ನು ಬೈಯುವ ಹೆಂಗಸರಿಗೆ ಈ ಕತೆ ಹೇಳಬೇಕೆಂದು ನನಗೆ ಆಸೆ. ನನ್ನ ಗಲ್ಲಾ ಸ್ಪ್ಯಾನಿಷ್ ಅಷ್ಟು ದೂರ ಹೋಗುವುದಿಲ್ಲ.

ಊರಿನ ಓದುಗರು ಇಲ್ಲಿಗೆ ಒಂದು ಪ್ರಶ್ನೆ ಎತ್ತುತ್ತಾರೆಂದು ಗೊತ್ತು: ಇವರೆಲ್ಲ ಮತಾಂತರಕ್ಕೆ ಬಂದವರಲ್ಲವೇ, ಅದನ್ನೇಕೆ ಬಿಟ್ಟಿದ್ದೀರಿ? ಬಿಟ್ಟಿಲ್ಲ. ಬಂದಿರುವುದು ಅದಕ್ಕೇ, ಅವರೇ ಮೊದಲ ಮಾತಿನಲ್ಲೇ ಹೇಳುತ್ತಾರೆ, ಎದೆಯ ಮೇಲಿನ ಕಪ್ಪು ಬಿಲ್ಲೆಯಲ್ಲೂ ಚರ್ಚಿನ ಹೆಸರಿದೆ. ಈ ಚರ್ಚಿನವರು 1875ರಷ್ಟು ಹಿಂದೆಯೇ ತಮ್ಮ ಗ್ರಂಥದ ಆಯ್ದ ಭಾಗಗಳನ್ನು ಸ್ಪ್ಯಾನಿಷ್‌ನಲ್ಲಿ ಅಚ್ಚು ಹಾಕಿಸಿ ಮೆಕ್ಸಿಕೋಗೆ ಹೊರಟಿದ್ದವರು. ಬೆಂಗಳೂರಿನಲ್ಲೂ 1993ರಿಂದ ಅವರ ಮಿಷನ್ ಇದೆ. ಅಲ್ಲೊಂದು ದೇವಾಲಯ ಕಟ್ಟುವುದಾಗಿ 2018ರಲ್ಲಿ ಘೋಷಿಸಿ, 2020ರ ಡಿಸೆಂಬರಿನಲ್ಲಿ ಗುದ್ದಲಿ ಪೂಜೆ ಮಾಡಿದರು. ಕರ್ನಾಟಕದಲ್ಲಿ 2022ರಲ್ಲಿ ಮತಾಂತರದ ಕಾನೂನು ಬಂದದ್ದು, 2023ರಲ್ಲಿ ಅದನ್ನು ರದ್ದು ಮಾಡಲು ಇನ್ನೊಂದು ಸರ್ಕಾರದ ಸಂಪುಟ ತೀರ್ಮಾನಿಸಿದ್ದು ಎರಡನ್ನೂ ನಾನು ಇಲ್ಲಿಂದಲೇ ಓದಿದೆ. ನನ್ನ ಕಣ್ಣಳತೆಯಲ್ಲಿ ಹೇಳುವುದಾದರೆ, ಅಜ್ಜಿ ಇನ್ನೂ ಕ್ಯಾಥೊಲಿಕ್ಕು, ಸ್ಟಿಕ್ಕರು ಇನ್ನೂ ಬಾಗಿಲಲ್ಲಿದೆ. ಈಚೆಗೆ ಬಾಗಿಲು ತೆರೆಯುವವರೇ ಕಡಿಮೆಯಾಗಿದ್ದಾರೆ. 2025ರಲ್ಲಿ ವಲಸೆ ಅಧಿಕಾರಿಗಳ ಹುಡುಕಾಟ ಬಿಗಿಯಾದ ಮೇಲೆ, ಟೈ ಕಟ್ಟಿದ ಇಬ್ಬರು ಬಾಗಿಲು ಬಡಿದರೆ ಒಳಗಿನವರು ಟೀವಿ ಆರಿಸಿ ಉಸಿರು ಬಿಗಿಹಿಡಿಯುತ್ತಾರೆ. ಹುಡುಗರಿಗೂ ಅದು ಗೊತ್ತು. ಬಡಿಯುವ ಮುಂಚೆಯೇ ಜೋರಾಗಿ ತಾವು ಯಾರೆಂದು ಕೂಗಿ ಹೇಳುತ್ತಾರೆ.

ಅವರು ಬರೀ ಪಡೆದುಕೊಂಡು ಹೋಗುವವರೆಂದೂ ಹೇಳಲಾರೆ. ಚರ್ಚಿನಲ್ಲಿ ಪುಕ್ಕಟೆ ಇಂಗ್ಲಿಷ್ ತರಗತಿ ನಡೆಸುತ್ತಾರೆ, ನಮ್ಮ ಗಿರಾಕಿಗಳಲ್ಲಿ ಕೆಲವರು ಹೋಗುತ್ತಾರೆ. 2017ರ ಹಾರ್ವೆ ಚಂಡಮಾರುತದಲ್ಲಿ ಹ್ಯೂಸ್ಟನ್ ಮುಳುಗಿದಾಗ ಈ ಚರ್ಚಿನವರು ಹಳದಿ ಅಂಗಿ ತೊಟ್ಟು ಗುಂಪುಗುಂಪಾಗಿ ಬಂದು, ಯಾವ ಜಾತಿ ಯಾವ ಧರ್ಮ ಎಂದು ಕೇಳದೆ, ಮನೆಗಳ ನೆನೆದ ಗೋಡೆ ಹಲಗೆ ಕಿತ್ತು ಹೊರಗೆ ಹಾಕಿದರು. 2010ರ ನವೆಂಬರಿನಲ್ಲಿ ವಲಸಿಗರ ವಿಷಯದಲ್ಲಿ ಮನುಷ್ಯತ್ವದಿಂದ ನಡೆಯಬೇಕೆಂದು ‘ಯೂಟಾ ಕಾಂಪ್ಯಾಕ್ಟ್’ ಎಂಬ ಹೇಳಿಕೆ ಹೊರಬಂದಾಗ ಚರ್ಚು ಅದನ್ನು ಬೆಂಬಲಿಸಿತು.

ಹಾಗೆಂದು ವಲಸಿಗರ ಮನೆಯ ಊಟ ಉಂಡವನ ಮನಸ್ಸು ತಾನಾಗಿ ಕರಗಿಬಿಡುತ್ತದೆಂದು ನಂಬಲು ನಾನು ತಯಾರಿಲ್ಲ. ಯೂಟಾದ ಸೆನೆಟರ್ ಮೈಕ್ ಲೀ ಇದೇ ಟೆಕ್ಸಾಸಿನ ಗಡಿಯ ರಿಯೋ ಗ್ರಾಂಡೆ ಕಣಿವೆಯಲ್ಲಿ ಎರಡು ವರ್ಷ ಮಿಷನರಿಯಾಗಿ ಸ್ಪ್ಯಾನಿಷ್ ಆಡಿಕೊಂಡಿದ್ದವರು. ದಾಖಲೆಯಿಲ್ಲದವರಿಗೆ ಪೌರತ್ವದ ದಾರಿ ತೋರುವ ಮಸೂದೆ 2013ರಲ್ಲಿ ಸೆನೆಟಿಗೆ ಬಂದು 68-32ರಲ್ಲಿ ಗೆದ್ದಾಗ ಅವರ ಮತ ಆ 32ರಲ್ಲಿತ್ತು. ಅದೇ ರಾಜ್ಯದ, ಅದೇ ಚರ್ಚಿನ, ಅದೇ ಪಕ್ಷದ ಆರಿನ್ ಹ್ಯಾಚ್ ಮಸೂದೆಯ ಪರವಾಗಿ ಮತ ಹಾಕಿದರು. ಕೆಳಮನೆಯಲ್ಲಿ ಮಸೂದೆ ಹಾಗೇ ಸತ್ತಿತು.

ಅಜ್ಜಿಗೆ ಯಾರೂ ಪ್ರಶಸ್ತಿ ಕೊಡಬೇಕಾಗಿಲ್ಲ, ಕೊಟ್ಟರೂ ಬಾಡಿಗೆ ಕಟ್ಟಲಾಗದು. ಆದರೆ ಮಿಷನರಿಯ ಬೀದಿ ಸ್ಪ್ಯಾನಿಷ್‌ಗೆ ಪರೀಕ್ಷೆ ಇಟ್ಟು ಕ್ರೆಡಿಟ್ ಕೊಡಬಹುದಾದರೆ ಮೊಮ್ಮಗಳ ಮನೆ ಸ್ಪ್ಯಾನಿಷ್‌ಗೂ ಶಾಲೆಯೇ ಹುಡುಕಿಕೊಂಡು ಬಂದು ಕೊಡಬಹುದು. ಎರಡು ಭಾಷೆ ಬಲ್ಲ ಮಕ್ಕಳಿಗೆ ಶಾಲೆ ಮುಗಿಸುವಾಗ ಮುದ್ರೆ ಹಾಕಿಕೊಡುವ ಪದ್ಧತಿಯನ್ನು ಕ್ಯಾಲಿಫೋರ್ನಿಯಾ 2011ರಲ್ಲೇ ಶುರುಮಾಡಿತು. ಹನ್ನೆರಡನೇ ತರಗತಿಯವರೆಗೆ ಕಾಯಬೇಕೇಕೆ? ಹನ್ನೊಂದು ವರ್ಷದವಳು ಆಸ್ಪತ್ರೆಯ ಬಿಲ್ಲು ಓದುವಾಗ ಯಾರೂ ಕಾಯಲಿಲ್ಲವಲ್ಲ.

ಕಳೆದ ವಾರ ಐಡಹೋದ ಹುಡುಗನನ್ನು ಕೇಳಿದೆ, ಎರಡು ವರ್ಷ ಮುಗಿದ ಮೇಲೆ ಏನಪ್ಪಾ ಮಾಡ್ತೀಯಾ ಅಂತ. ಅವನಪ್ಪನದು ಹಾಲಿನ ಡೈರಿ. ಹಾಲು ಕರೆಯುವವರು, ಗೊಬ್ಬರ ಎತ್ತುವವರು ಎಲ್ಲ ಮೆಕ್ಸಿಕೋದವರು. ಹದಿನೆಂಟು ವರ್ಷ ಅವರ ನಡುವೆಯೇ ಬೆಳೆದು, ಹಲೋ ಬಿಟ್ಟು ಒಂದು ಮಾತು ಆಡಿರಲಿಲ್ಲವಂತೆ.

‘ಅಪ್ಪ ಹೇಳಿದ್ದಾರೆ ಮೇಡಂ, ಸ್ಪ್ಯಾನಿಷ್ ಬರುವ ಮ್ಯಾನೇಜರ್ ಬೇಕಾಗಿದೆ ಅಂತೆ. ವಾಪಸ್ ಹೋದ ತಕ್ಷಣ ನಾನೇ.’

‘ಅಲ್ಲಪ್ಪ, ಅಷ್ಟು ವರ್ಷದಿಂದ ಹಾಲು ಕರೆಯೋರಲ್ಲಿ ಇಂಗ್ಲಿಷ್ ಬರೋರು ಒಬ್ಬರೂ ಇಲ್ವಾ?’

ಅವನು ಸ್ವಲ್ಪ ಯೋಚನೆ ಮಾಡಿದ. ‘ಇದ್ದಾರೆ. ಒಬ್ಬರಿದ್ದಾರೆ. ನಾನು ಹುಟ್ಟೋಕೆ ಮುಂಚಿನಿಂದಲೂ ಅಲ್ಲೇ ಇದ್ದಾರೆ.’

‘ಹಾಗಾದ್ರೆ ಮ್ಯಾನೇಜರ್ ಕೆಲಸ ಅವರಿಗೇ ಕೊಡಿ ಅಂತ ನಿಮ್ಮಪ್ಪನಿಗೆ ಹೇಳು. ಸೋಮವಾರ ಫೋನು ಮಾಡೇ ಮಾಡ್ತೀಯಲ್ಲ’ ಎಂದೆ.